ಟೈರ್ ಅಂಗಡಿಯಲ್ಲಿ "ಐದೇ ಮಿಲಿಮೀಟರ್ ವ್ಯತ್ಯಾಸ" ಅಂದರೆ ದಯವಿಟ್ಟು ನಂಬಬೇಡಿ

41,000 ರೂಪಾಯಿ. ಎರಡು ಟೈರ್‌ಗೆ. ಆ ಎರಡೂ ಈಗ ನಮ್ಮ ಮನೆ ಕಾಂಪೌಂಡ್ ಒಳಗೆ ಗೋಣಿಚೀಲದ ಕೆಳಗೆ ಬಿದ್ದಿವೆ. ಹೊಸ ಟೈರಿನ ಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು ಇರುತ್ತವಲ್ಲ, ಅವು ಇನ್ನೂ ಪೂರ್ತಿ ಉದುರಿಲ್ಲ. ನನ್ನ ಕಾರಿಗೆ ಹಾಕುವ ಹಾಗಿಲ್ಲ. ಅಂಗಡಿಯವನು ವಾಪಸ್ ತಗೊಳ್ಳಲ್ಲ.

ಮನೆಯಲ್ಲಿ ಇನ್ನೂ ಪೂರ್ತಿ ಲೆಕ್ಕ ಹೇಳಿಲ್ಲ. ನಾಚಿಕೆ ಆಗುತ್ತೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ತುಮಕೂರಿನಲ್ಲಿ ಹಳೇ ಸ್ಪೋರ್ಟ್ಸ್ ಕಾರ್ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡವನು ನಾನೊಬ್ಬನೇ ಅಲ್ಲ. ನಾಳೆ ನಿಮಗೂ ಇದೇ ಮಾತು ಹೇಳುತ್ತಾರೆ. ಇದೇ ಮಾತು.

ನನ್ನದು 2012ರ ಬಿಎಂಡಬ್ಲ್ಯೂ ಝಡ್4. ಎರಡೇ ಸೀಟು, ಎಂಜಿನ್ ಮುಂದೆ, ಎಳೆಯೋದು ಹಿಂದಿನ ಚಕ್ರ. ಇಂಥ ಕಾರು ಇಟ್ಟುಕೊಂಡವರಿಗೆ ಗೊತ್ತೇ ಇರುತ್ತೆ, ಮುಂದೆ ಒಂದು ಸೈಜ್, ಹಿಂದೆ ಒಂದು ಸೈಜ್. ನನ್ನ ಕಾರಿನ 18 ಇಂಚಿನ ರಿಮ್‌ಗೆ ಮುಂದೆ 225/40 ಆರ್18, ಹಿಂದೆ 255/35 ಆರ್18. ಎಂಜಿನ್‌ನ ಪೂರ್ತಿ ಜೋರು ಹಿಂದಿನ ಎರಡು ಟೈರ್ ಮೇಲೆ ಬೀಳೋದರಿಂದ ಅವು ಅಗಲ. ಬೇರೆ ಕಾರಿನ ಹಾಗೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಬದಲಾಯಿಸೋಕೆ ಆಗಲ್ಲ. ಹಾಗಾಗಿ ಹಿಂದಿನವು ಬೇಗ ಸವೆಯುತ್ತವೆ. ನನ್ನವೂ ಸವೆದಿದ್ದವು. ಟೈರಿನ ಮೇಲಿನ ಹಲ್ಲು, ಅಂದರೆ ಬಟನ್, 2 ಮಿಲಿಮೀಟರ್‌ಗೆ ಬಂದಿತ್ತು. ಕಾನೂನಿನ ಪ್ರಕಾರ ಕಾರಿಗೆ 1.6ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಮಳೆಗಾಲಕ್ಕೆ ಮೊದಲೇ ಹಾಕಿಸೋಣ ಅಂತ ಹೋದೆ.

ಅಂಗಡಿ ಯಾವುದು ಅಂತ ಇಲ್ಲಿ ಹೇಳಲ್ಲ. ದೊಡ್ಡ ಅಂಗಡಿ, ಅಲೈನ್‌ಮೆಂಟ್ ಮೆಷಿನ್ ಇದೆ, ಎಸಿ ರೂಮಿನಲ್ಲಿ ಕೂರಿಸಿ ಕಾಫಿ ಕೊಟ್ಟರು. 255/35 ಆರ್18 ರನ್‌ಫ್ಲಾಟ್ ಬೇಕು ಅಂದೆ, ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ಟೈರ್. ಓನರ್ ಕಂಪ್ಯೂಟರ್ ನೋಡಿದ, ಎಲ್ಲೋ ಫೋನ್ ಮಾಡಿದ. "ಅಣ್ಣ, ಆ ಸೈಜ್ ಸಿಗೋದು ಕಷ್ಟ. ಬೆಂಗಳೂರಲ್ಲೂ ಇಲ್ಲ" ಅಂದ. ಕಷ್ಟ ಅನ್ನೋದು ನಿಜಾನೇ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರದೇಶದ ಹೊಸ ಟೈರ್ ಆಮದಿಗೆ ಕಟ್ಟುಪಾಡು ತಂದಿತು. ಆಮೇಲೆ ಇಂಥ ಅಪರೂಪದ ಸೈಜ್‌ಗೆ ಕಾಯಬೇಕಾಗುತ್ತೆ, ಅದು ನನಗೂ ಗೊತ್ತು. ಆದರೆ ಬೆಂಗಳೂರಲ್ಲಿ ಇಲ್ಲ ಅನ್ನೋದು ಸುಳ್ಳು. ಆಮೇಲೆ ನನಗೆ ಸಿಕ್ಕಿದ್ದು ಬೆಂಗಳೂರಲ್ಲೇ. ಒಂಬತ್ತು ದಿನ ಕಾಯಬೇಕಾಯಿತು, ಅಷ್ಟೇ.

ಆಗ ಅವನು ಹೇಳಿದ, "255/40 ಇದೆ ಅಣ್ಣ. ರೆಡಿ ಸ್ಟಾಕ್. 35ಕ್ಕೂ 40ಕ್ಕೂ ಏನಣ್ಣ ವ್ಯತ್ಯಾಸ, ಐದೇ ಮಿಲಿಮೀಟರ್. ಕಣ್ಣಿಗೂ ಕಾಣಲ್ಲ."

ನಾನು ಸುಮ್ನೆ ಒಪ್ಪಲಿಲ್ಲ. ಎರಡು ಸಲ ಕೇಳಿದೆ. ಬೇರೆ ಸೈಜ್ ಹಾಕಿದರೆ ತೊಂದರೆ ಆಗಲ್ವಾ ಅಂತ ಕೇಳಿದೆ. ಅವನು ಎದ್ದು ನನ್ನನ್ನ ಕಾರಿನ ಹತ್ತಿರ ಕರೆದುಕೊಂಡು ಹೋದ. ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬೆರಳಿಟ್ಟು ತೋರಿಸಿದ.

"ಇಲ್ನೋಡಿ, ಮುಂದೆ ಎಷ್ಟಿದೆ? 225/40. ಹಿಂದೆ 35 ಇದೆ. ಇದೇ ಸರಿ ಇಲ್ಲ. ಹಿಂದಿನ ಓನರ್ ಯಾರೋ ಬದಲಾಯಿಸಿರ್ಬೇಕು. ಮುಂದೇನೂ 40, ಹಿಂದೇನೂ 40 ಆದ್ರೆ ನಾಲ್ಕೂ ಸಮ ಆಗುತ್ತೆ ಅಲ್ವಾ?"

ಅಲ್ವಾ ಅಂದ. ನಾನು ಹೌದು ಅಂದೆ. ಆ ಹೌದು ಈಗಲೂ ರಾತ್ರಿ ಮಲಗಿದಾಗ ನೆನಪಾಗಿ ಹೊಟ್ಟೆ ಉರಿಯುತ್ತೆ. ನಾಲ್ಕೂ 40, ನಾಲ್ಕೂ ಸಮ. ಕೇಳೋಕೆ ಎಷ್ಟು ಸರಿ ಅನಿಸುತ್ತೆ ನೋಡಿ. ಪಕ್ಕದಲ್ಲಿ ನಿಂತಿದ್ದ ಹುಡುಗ ಆಗಲೇ ಜಾಕ್ ತಳ್ಳಿಕೊಂಡು ಬಂದಿದ್ದ.

ಹಳೇ ಟೈರ್ ಕೊಡಿ ಅಂದೆ. "ಅದ್ಯಾಕಣ್ಣ, ಡಿಕ್ಕಿಲಿ ಜಾಗ ಎಲ್ಲಿದೆ, ನಾವೇ ಇಟ್ಕೋತೀವಿ" ಅಂದ. ಬಿಟ್ಟು ಬಂದೆ. ಬಿಲ್ಲಿನಲ್ಲಿ "ಟೈರ್ 18 ಇಂಚು, 2" ಅಂತ ಇತ್ತು. ಅಷ್ಟೇ ಇತ್ತು. ಅದನ್ನೂ ನೋಡಿ ಮಡಚಿ ಜೇಬಿಗೆ ಹಾಕಿಕೊಂಡೆ.

ಮೊದಲ ದಿನ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನೋಕೆ ಹೋಗಿ ಬಂದೆ, ಏನೂ ಗೊತ್ತಾಗಲಿಲ್ಲ. ಹಂಪ್ ಹತ್ತಿ ಇಳಿಯುವಾಗ ಒಂದು ಸಲ ಹಿಂದೆ ಗರ್ ಅಂದಿತು, ಕಲ್ಲು ಇರಬೇಕು ಅಂದುಕೊಂಡೆ. ಎರಡನೇ ದಿನ ಹೈವೇಯಲ್ಲಿ ಡಾಬಸ್‌ಪೇಟೆ ಕಡೆ ಹೊರಟೆ. ಮೀಟರ್ ಬೋರ್ಡಿನಲ್ಲಿ ಹಳದಿ ಲೈಟ್ ಬಂತು, ಕಾರು ಜಾರುವ ಚಿತ್ರ ಇರುತ್ತಲ್ಲ, ಅದು. ಆಫ್ ಮಾಡಿ ಆನ್ ಮಾಡಿದೆ, ಹೋಯಿತು. ಹತ್ತು ಕಿಲೋಮೀಟರ್‌ಗೆ ಮತ್ತೆ ಬಂತು.

ಭಾನುವಾರ ಬೆಳಿಗ್ಗೆ ದೇವರಾಯನದುರ್ಗ ಹತ್ತಿದೆ. ಜೊತೆಗೆ ಅಕ್ಕನ ಮಗ ಇದ್ದ, ಹನ್ನೊಂದು ವರ್ಷದ ಹುಡುಗ. ಘಟ್ಟದ ತಿರುವಿನಲ್ಲಿ, ವೇಗವೂ ಜಾಸ್ತಿ ಇರಲಿಲ್ಲ, ಎಡ ಹಿಂದಿನ ಚಕ್ರದ ಕಡೆ ಬಟ್ಟೆ ಹರಿದ ಹಾಗೆ ಪರ್ ಅಂತ ಶಬ್ದ. ಮುಂದಿನ ತಿರುವಿನಲ್ಲಿ ಬಲಗಡೆ. ಮತ್ತೆ ಎಡಗಡೆ. ಹುಡುಗ "ಮಾಮ, ಏನೋ ಸುಡ್ತಿದೆ" ಅಂದ. ರಬ್ಬರ್ ವಾಸನೆ. ಪಕ್ಕಕ್ಕೆ ನಿಲ್ಲಿಸಿ ಇಳಿದೆ. ಮಡ್‌ಗಾರ್ಡ್ ಒಳಗೆ ಕೈ ಹಾಕಿದೆ. ಒಳಗಿನ ಪ್ಲಾಸ್ಟಿಕ್ ಹೊದಿಕೆ ಒಂದು ಕಡೆ ಉಜ್ಜಿ ಉಜ್ಜಿ ಕನ್ನಡಿ ಹಾಗೆ ನುಣ್ಣಗಾಗಿತ್ತು, ಅದರ ಅಂಚು ಹರಿದು ನಾಲಿಗೆ ಥರ ಜೋತು ಬಿದ್ದಿತ್ತು. ಬೆರಳಿಗೆ ಕಾಡಿಗೆ ಹಾಗೆ ಕಪ್ಪು ಪುಡಿ ಮೆತ್ತಿತು. ಹೊಸ ಟೈರಿನ ಪುಡಿ. ಮೂರು ದಿನದ ಟೈರ್.

ಆ ಮಗು ಜೊತೆಗಿತ್ತು ಅನ್ನೋದನ್ನ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ. ಇಪ್ಪತ್ತರ ಸ್ಪೀಡಿನಲ್ಲಿ ಇಳಿದೆ.

ಸೋಮವಾರ ನಮ್ಮ ಪರಿಚಯದ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬಾನೆಟ್ ಕೂಡ ತೆಗೆಯಲಿಲ್ಲ. ಟೈರ್ ಓದಿದರು, ಡ್ರೈವರ್ ಬಾಗಿಲು ತೆಗೆದು ಅಲ್ಲಿದ್ದ ಸ್ಟಿಕ್ಕರ್ ಓದಿದರು. ಸ್ಟಿಕ್ಕರ್ ಮೇಲೆ ಕಂಪನಿಯವರೇ ಅಚ್ಚು ಹಾಕಿದ್ದರು, ಹಿಂದೆ 255/35 ಆರ್18 ಅಂತ. ಹಿಂದಿನ ಓನರ್ ಏನೂ ಬದಲಾಯಿಸಿರಲಿಲ್ಲ. "ಇದನ್ನ ನೋಡ್ಲಿಲ್ವೇನಪ್ಪಾ?" ಅಂದರು. ನಾನು ತಲೆ ತಗ್ಗಿಸಿದೆ.

ಆಮೇಲೆ ಅವರು ಸೀಮೆಸುಣ್ಣ ತಂದರು. ಮುಂದಿನ ಟೈರ್ ನೆಲಕ್ಕೆ ತಾಗುವ ಜಾಗದಲ್ಲಿ ಒಂದು ಗೆರೆ, ಹಿಂದಿನ ಟೈರ್ ನೆಲಕ್ಕೆ ತಾಗುವ ಜಾಗದಲ್ಲಿ ಒಂದು ಗೆರೆ. ಕಾರನ್ನ ನ್ಯೂಟ್ರಲ್‌ಗೆ ಹಾಕಿ ಇಬ್ಬರು ಹುಡುಗರು ಮೆಲ್ಲಗೆ ತಳ್ಳಿದರು. ಮುಂದಿನ ಚಕ್ರ ಒಂದು ಸುತ್ತು ಮುಗಿಸಿ ಅದರ ಗೆರೆ ನೆಲಕ್ಕೆ ಬಂದಾಗ "ನಿಲ್ಸಿ" ಅಂದರು. ಹಿಂದಿನ ಗೆರೆ ಇನ್ನೂ ನೆಲಕ್ಕೆ ಬಂದೇ ಇರಲಿಲ್ಲ. ಮೆಕ್ಯಾನಿಕ್ ಬಗ್ಗಿ ಕೈ ಇಟ್ಟು ತೋರಿಸಿದರು. ಸರಿಯಾಗಿ ನಾಲ್ಕು ಬೆರಳು ಹಿಂದೆ ಉಳಿದಿತ್ತು. ಒಂದು ಸುತ್ತಿಗೆ ನಾಲ್ಕು ಬೆರಳು!

ಐದು ಮಿಲಿಮೀಟರ್ ಅಂದಿದ್ದ.

ಲೆಕ್ಕ ಹೀಗಿದೆ, ದಯವಿಟ್ಟು ಒಂದು ಸಲ ಓದಿ. 255 ಅಂದರೆ ಟೈರಿನ ಅಗಲ, ಅದು ಮಿಲಿಮೀಟರ್. ಅದರ ಮುಂದಿನ 35 ಪರ್ಸೆಂಟ್. ಅಗಲದಲ್ಲಿ ನೂರಕ್ಕೆ 35 ಪಾಲು ಟೈರಿನ ಗೋಡೆ ಎತ್ತರ. 255ಕ್ಕೆ 35 ಪರ್ಸೆಂಟ್ ಅಂದರೆ 89 ಮಿಲಿಮೀಟರ್ ಚಿಲ್ಲರೆ. 40 ಪರ್ಸೆಂಟ್ ಅಂದರೆ 102. ಹದಿಮೂರರ ಹತ್ತಿರ ಜಾಸ್ತಿ. ರಿಮ್‌ನ ಮೇಲೂ ಗೋಡೆ, ಕೆಳಗೂ ಗೋಡೆ. ಒಟ್ಟು 25 ಮಿಲಿಮೀಟರ್‌ಗೂ ಜಾಸ್ತಿ ಎತ್ತರ. ಒಂದು ಇಂಚು! ಅದರಲ್ಲಿ ಅರ್ಧ ಮಡ್‌ಗಾರ್ಡ್ ಕಡೆ ಮೇಲಕ್ಕೆ ಹೋಯಿತು, ಅದಕ್ಕೇ ಉಜ್ಜಿದ್ದು.

ಮುಂದಿನ 225/40ರ ಲೆಕ್ಕ ಹಾಕಿ. 225ಕ್ಕೆ 40 ಪರ್ಸೆಂಟ್, ಸರಿಯಾಗಿ 90 ಮಿಲಿಮೀಟರ್. ಹಿಂದಿನ 255/35ರದ್ದು 89. ನೋಡಿದ್ರಾ? ಮುಂದೆ ಹಿಂದೆ ಸಮವಾಗೇ ಇತ್ತು. ರಿಮ್ ಸೇರಿ ಒಟ್ಟು ಎತ್ತರ ಮುಂದೆ 637, ಹಿಂದೆ 636. ಅಗಲ ಜಾಸ್ತಿ ಮಾಡಿದ್ದಕ್ಕೇ ಪರ್ಸೆಂಟ್ ಕಮ್ಮಿ ಮಾಡಿದ್ದರು. ನಾಲ್ಕೂ ಸಮ ಮಾಡ್ತೀನಿ ಅಂತ ಹೇಳಿ ಇವನು ಹಿಂದಿನದನ್ನ 661 ಮಾಡಿಬಿಟ್ಟ. ಸಮ ಇದ್ದದ್ದನ್ನ ಕೆಡಿಸಿದ. ಸಮ ಅನ್ನೋ ಮಾತನ್ನೇ ಹಿಡಿದು ಕೆಡಿಸಿದ. ಇದು ನನಗೆ ಜಾಸ್ತಿ ಸಿಟ್ಟು ಬರಿಸೋದು.

ಲೈಟ್ ಬಂದದ್ದೂ ಇದಕ್ಕೇ. ಪ್ರತಿ ಚಕ್ರದ ಹತ್ತಿರ ಅದು ಎಷ್ಟು ವೇಗವಾಗಿ ಸುತ್ತುತ್ತಿದೆ ಅಂತ ನೋಡುವ ಸೆನ್ಸರ್ ಇರುತ್ತೆ. ಹಿಂದಿನ ಚಕ್ರ ಜಾರಿತಾ ಇಲ್ವಾ ಅಂತ ಕಾರು ಕಂಡುಹಿಡಿಯೋದು ಮುಂದಿನ ಚಕ್ರದ ಜೊತೆ ಹೋಲಿಸಿ. ಈಗ ಹಿಂದಿನ ಚಕ್ರ ಯಾವಾಗಲೂ ನೂರಕ್ಕೆ ಸುಮಾರು ನಾಲ್ಕರಷ್ಟು ನಿಧಾನ ಸುತ್ತುತ್ತಿದ್ದರೆ ಅದು ಯಾವ ಲೆಕ್ಕ ನಂಬಬೇಕು? ಹಿಂದಿನಿಂದ ತಳ್ಳುವ ಕಾರಿನಲ್ಲಿ ಒದ್ದೆ ರಸ್ತೆ ಮೇಲೆ ಹಿಂದಿನ ಭಾಗ ಜಾರಿದರೆ ನಮ್ಮನ್ನ ಹಿಡಿದು ನಿಲ್ಲಿಸೋದೇ ಆ ವ್ಯವಸ್ಥೆ.

ಇನ್ನೊಂದು ಮೋಸ ಅಲ್ಲೇ ಗೊತ್ತಾಯಿತು. ಅವು ರನ್‌ಫ್ಲಾಟ್ ಅಲ್ಲವೇ ಅಲ್ಲ. ಈ ಕಾರಿಗೆ ಸ್ಟೆಪ್ನಿ ಇಲ್ಲ. ಪಂಕ್ಚರ್ ಆದರೂ 80ರ ಸ್ಪೀಡಿನಲ್ಲಿ 80 ಕಿಲೋಮೀಟರ್ ಹೋಗಬಹುದು ಅಂತಲೇ ರನ್‌ಫ್ಲಾಟ್ ಕೊಟ್ಟಿರೋದು. ರಾತ್ರಿ ನೆಲಮಂಗಲ ದಾಟಿದ ಮೇಲೆ ಗಾಳಿ ಹೋಗಿದ್ದರೆ ರಸ್ತೆ ಪಕ್ಕ ಕೂರಬೇಕಿತ್ತು.

ಅಂಗಡಿಗೆ ಹೋದೆ. ಈ ಸಲ ಕಾಫಿ ಇಲ್ಲ. ಅಣ್ಣ ಹೋಗಿ ಸಾರ್ ಆಗಿತ್ತು.

"ಸಾರ್, ಹಾಕಿದ ಟೈರ್ ವಾಪಸ್ ತಗೊಳಲ್ಲ. ಎಲ್ಲೂ ತಗೊಳಲ್ಲ."

ನೀವೇ ಐದು ಮಿಲಿಮೀಟರ್ ಅಂದ್ರಲ್ಲ ಅಂದೆ. "ಅಂದಾಜಿಗೆ ಹೇಳಿದ್ದು ಸಾರ್. ನೀವೂ ಓದ್ದೋರು, ನೋಡ್ಕೊಂಡು ಹೂಂ ಅನ್ಬೇಕಿತ್ತು."

ರನ್‌ಫ್ಲಾಟ್ ಅಂತ ಕೇಳಿದ್ದೆ ಅಂದೆ. "ನಾನು ರನ್‌ಫ್ಲಾಟ್ ಅಂತ ಕೊಟ್ಟಿಲ್ಲ. ಬಿಲ್ ತೋರ್ಸಿ." ಬಿಲ್ಲಿನಲ್ಲಿ ಏನಿದೆ? 18 ಇಂಚು, 2.

ಉಜ್ಜುತ್ತಿದೆ ಅಂತ ಫೋಟೋ ತೋರಿಸಿದೆ. ಅದಕ್ಕೆ ಅವನ ಉತ್ತರ ಕೇಳಿ. "ಆ ಪ್ಲಾಸ್ಟಿಕ್ ಕಟ್ ಮಾಡ್ಸಿಬಿಡಿ ಸಾರ್. ಹುಡುಗನಿಗೆ ಹೇಳ್ತೀನಿ, ಫ್ರೀಯಾಗಿ ಮಾಡ್ಕೊಡ್ತಾನೆ. ಇಲ್ಲಾಂದ್ರೆ ಗಾಳಿ ಸ್ವಲ್ಪ ಕಮ್ಮಿ ಇಟ್ಕೊಳ್ಳಿ, ಸರಿಹೋಗುತ್ತೆ." ಗಾಳಿ ಕಮ್ಮಿ ಇಡಬೇಕಂತೆ! ಗಾಳಿ ಕಮ್ಮಿಯಾದರೆ ಟೈರಿನ ಗೋಡೆ ಮಡಚಿ ಮಡಚಿ ಬಿಸಿಯಾಗಿ ಸಿಡಿಯುತ್ತೆ, ಇದು ಟೈರ್ ಅಂಗಡಿ ಇಟ್ಟವನಿಗೆ ಗೊತ್ತಿಲ್ವಾ?

ನನ್ನ ಹಳೇ ಟೈರ್ ಕೊಡಿ, ಸದ್ಯಕ್ಕೆ ಅದನ್ನೇ ಹಾಕಿಕೊಂಡು ಹೋಗ್ತೀನಿ ಅಂದೆ. "ಅದು ಅವತ್ತೇ ಹೋಯ್ತು ಸಾರ್, ಗುಜರಿಗೆ."

ಮನೆಗೆ ಬಂದು ವಾಟ್ಸಾಪ್‌ನಲ್ಲಿ ಬಾಗಿಲಿನ ಸ್ಟಿಕ್ಕರ್ ಫೋಟೋ, ಟೈರ್ ಫೋಟೋ ಎಲ್ಲಾ ಕಳಿಸಿದೆ. ಎರಡು ನೀಲಿ ಗೆರೆ ಬಂತು. ಮಾರನೇ ದಿನ ಸಂಜೆ ಒಂದೇ ಸಾಲು. "ಇಂಥ ಕಾರ್ ಇಟ್ಕೊಂಡು ನಲವತ್ತು ಸಾವಿರಕ್ಕೆ ಯಾಕೆ ಇಷ್ಟು ಮಾಡ್ತೀರಾ." ಈ ಕಾರಿಗೆ ಆರು ವರ್ಷ ದುಡ್ಡು ಕೂಡಿಟ್ಟಿದ್ದೇನೆ. ದುಡ್ಡು ಇರೋರ ಕಾರು ಅಂದ ಮಾತ್ರಕ್ಕೆ ಮೋಸ ಮಾಡಬಹುದಾ?

1915ಕ್ಕೆ, ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅವರು ಮೊದಲು ಕೇಳಿದ್ದೇ ಬಿಲ್ಲಿನಲ್ಲಿ ಸೈಜ್ ಇದೆಯಾ ಅಂತ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹಾಕೋಣ ಅಂತ ಇದ್ದೇನೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಫೀಸ್ ಇಲ್ಲ. ಸ್ಟಿಕ್ಕರ್, ವಾಟ್ಸಾಪ್, ಹರಿದ ಪ್ಲಾಸ್ಟಿಕ್, ಎಲ್ಲದರ ಫೋಟೋ ಇದೆ.

ನೀವು ಹಾಕಿಸೋಕೆ ಹೋಗುವ ಮೊದಲು ಬಾಗಿಲಿನ ಸ್ಟಿಕ್ಕರ್ ಫೋಟೋ ತೆಗೆದುಕೊಳ್ಳಿ. ಅದೇ ಸೈಜ್ ಕೇಳಿ, ಇಲ್ಲ ಅಂದರೆ ಕಾಯಿರಿ, ಕಾಯೋದರಿಂದ ಯಾರೂ ಸಾಯಲ್ಲ. ಬೇರೆ ಸೈಜ್ ಹಾಕಲೇಬೇಕು ಅಂದರೆ ಅಲ್ಲೇ ಫೋನ್‌ನಲ್ಲಿ ಲೆಕ್ಕ ಹಾಕಿ. ಒಟ್ಟು ಎತ್ತರದ ವ್ಯತ್ಯಾಸ ಮೂರು ಪರ್ಸೆಂಟ್ ದಾಟಬಾರದು ಅಂತಾರೆ. ನಮ್ಮಂಥ ಕಾರಿಗೆ ಅದೂ ಜಾಸ್ತಿ, ಮುಂದೆ ಹಿಂದೆ ಒಂದು ಪರ್ಸೆಂಟ್ ಒಳಗೇ ಇರಲಿ. ಉದಾಹರಣೆಗೆ 255/35 ಬದಲು 245/40 ಕೊಡ್ತೀನಿ ಅಂದರೂ ಬೇಡ, ಅದೂ 17 ಮಿಲಿಮೀಟರ್ ಜಾಸ್ತಿ ಎತ್ತರ. ಸೈಜ್ ಪಕ್ಕದ 90 ಡಬ್ಲ್ಯೂ ಥರದ ಗುರುತೂ ನೋಡಿ, ಅದು ಟೈರ್ ಎಷ್ಟು ಭಾರ, ಎಷ್ಟು ವೇಗ ತಡೆಯುತ್ತೆ ಅನ್ನೋದು. ರನ್‌ಫ್ಲಾಟ್ ಆದರೆ ಟೈರ್ ಗೋಡೆ ಮೇಲೆ ಆರ್‌ಎಫ್‌ಟಿ, ಝಡ್‌ಪಿ, ಎಸ್‌ಎಸ್‌ಆರ್, ಆರ್‌ಒಎಫ್, ಕಂಪನಿ ನೋಡಿಕೊಂಡು ಇಂಥ ಗುರುತು ಇರುತ್ತೆ. ಬಿಲ್ಲಿನಲ್ಲಿ ಪೂರ್ತಿ ಸೈಜ್ ಬರೆಸದೆ ದುಡ್ಡು ಕೊಡಬೇಡಿ. ಹಳೇ ಟೈರ್ ಬಿಟ್ಟು ಬರಬೇಡಿ. ಬಿಟ್ಟು ಬರಲೇಬೇಡಿ.

ಈಗ ಸರಿಯಾದ 255/35 ರನ್‌ಫ್ಲಾಟ್ ಬಂದಿವೆ. ಮತ್ತೆ ದುಡ್ಡು. ಮತ್ತೆ ಅಲೈನ್‌ಮೆಂಟ್. ಲೈಟ್ ಬಂದಿಲ್ಲ, ದೇವರಾಯನದುರ್ಗ ಹತ್ತಿ ಇಳಿದೆ, ಶಬ್ದ ಇಲ್ಲ. ಮೆಕ್ಯಾನಿಕ್ ಮತ್ತೆ ಸೀಮೆಸುಣ್ಣದ ಗೆರೆ ಹಾಕಿ ತಳ್ಳಿಸಿದರು. ಎರಡೂ ಗೆರೆ ಒಟ್ಟಿಗೆ ನೆಲಕ್ಕೆ ಬಂದವು.

ಆ ಎರಡು 255/40 ಮಾರೋಕೆ ಇಟ್ಟಿದ್ದೇನೆ. ಶಿರಾದಿಂದ ಒಬ್ಬರು ಫೋನ್ ಮಾಡಿ "18 ಇಂಚಾ ಅಣ್ಣ? ಆಗ್ತವೆ ಬಿಡಿ, ನಾಳೇನೇ ಬರ್ತೀನಿ" ಅಂದರು. ಮೊದಲು ನಿಮ್ಮ ಕಾರಿನ ಬಾಗಿಲು ತೆಗೆದು ಸ್ಟಿಕ್ಕರ್ ಫೋಟೋ ಕಳಿಸಿ ಅಂದೆ. ಇನ್ನೂ ಕಳಿಸಿಲ್ಲ.