ಅರ್ಧ ಸೆಕೆಂಡಿಗೆ ಒಂದೂವರೆ ಲಕ್ಷ: ಮೂರು ಕಾರು, ಮೂರು ಅಪ್‌ಡೇಟ್

2020ರಲ್ಲಿ ಒಂದು ರಾತ್ರಿ ಸೋಫಾದ ಮೇಲೆ ಕೂತು, ನನ್ನ ಎಲೆಕ್ಟ್ರಿಕ್ ಕಾರು ಇನ್ನೂ ಬೇಗ ವೇಗ ಹಿಡಿಯುವ ಹಾಗೆ ಮಾಡುವ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಫೋನಿನಲ್ಲೇ 1,800 ಯೂರೋ ಕಟ್ಟಿದೆ. ಮನೆಗೆ ಪಾರ್ಸೆಲ್ ಬರಲಿಲ್ಲ. ಗ್ಯಾರೇಜಿಗೆ ಹೋಗಲಿಲ್ಲ. ಬಾನೆಟ್ ಎತ್ತಿದವರೂ ಯಾರಿಲ್ಲ. ಕಾರಿನ ಪರದೆಯಲ್ಲಿ 'ಸ್ಟ್ಯಾಂಡರ್ಡ್' ಅಂತ ಇದ್ದ ಜಾಗದಲ್ಲಿ 'ಸ್ಪೋರ್ಟ್' ಅಂತ ಬಂತು, ಅಷ್ಟೇ. ಮೈಸೂರಿನಲ್ಲಿರುವ ಭಾವನಿಗೆ ಈ ವಿಷಯ ಹೇಳಿದೆ. "ಅಲ್ಲ ಕಣೋ, ಒಂದೂವರೆ ಲಕ್ಷ ಕೊಟ್ಟು ಅರ್ಧ ಸೆಕೆಂಡ್ ತಗೊಂಡ್ಯಾ?" ಎಂದು ಕೇಳಿದರು. ಆಗ ಬಾಯಿಗೆ ಉತ್ತರ ಬರಲಿಲ್ಲ.

ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಸಿಕೊಂಡ ಇನ್ನೆರಡು ಕಾರುಗಳನ್ನು ಓಡಿಸಿ ನೋಡಿದ್ದೇನೆ. ಒಂದು ಇಲ್ಲೇ ಜರ್ಮನಿಯ ಸಿಂಡೆಲ್‌ಫಿಂಗನ್‌ನಲ್ಲಿರುವ ಗೆಳೆಯನ ಪೋಲ್‌ಸ್ಟಾರ್ 2. ಇನ್ನೊಂದು ಭಾವನದೇ ನೆಕ್ಸಾನ್ ಇವಿ. ಈಗ ಉತ್ತರ ಸಿಕ್ಕಿದೆ. ಭಾವನಿಗೆ ಹಿಡಿಸುವಂಥದ್ದೇ.

ಮೊದಲು ನನ್ನ ಕಾರು. ಟೆಸ್ಲಾ ಮಾಡೆಲ್ 3 ಲಾಂಗ್ ರೇಂಜ್, ಎರಡು ಮೋಟಾರಿನದು. ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು 4.6 ಸೆಕೆಂಡ್ ಬೇಕಿದ್ದದ್ದು ನಾನು ಕೊಂಡ 'ಬೂಸ್ಟ್' ಅಪ್‌ಡೇಟ್ ಹಾಕಿದರೆ 4.1ಕ್ಕೆ ಇಳಿಯುತ್ತದೆ ಎಂದು ಕಂಪನಿಯ ಲೆಕ್ಕ. ಡ್ಯಾಶ್‌ಬೋರ್ಡ್ ಮೇಲೆ ಜಿಪಿಎಸ್ ಡಬ್ಬಿ ಇಟ್ಟು ನಾನೂ ಅಳೆದೆ. ಸುಳ್ಳಲ್ಲ, ಹತ್ತಿರ ಹತ್ತಿರ ಅಷ್ಟೇ ವ್ಯತ್ಯಾಸ ಬಂತು. ಮೊದಲ ವಾರ ಸಿಗ್ನಲ್ ಹಸಿರಾದಾಗಲೆಲ್ಲ ಕಾಲು ಸುಮ್ನೆ ಇರುತ್ತಿರಲಿಲ್ಲ. ಒಮ್ಮೆ ಹಿಂದಿನ ಸೀಟಿನಲ್ಲಿದ್ದ ಮಗಳ ಜ್ಯೂಸ್ ಪೂರ್ತಿ ಅವಳ ಫ್ರಾಕ್ ಮೇಲೆ ಚೆಲ್ಲಿತು. "ಇನ್ನೊಂದ್ಸಲ ಹೀಗೆ ಮಾಡಿದ್ರೆ ನಾವಿಬ್ರೂ ಬಸ್ಸಲ್ಲೇ ಬರ್ತೀವಿ" ಎಂದಳು ಹೆಂಡತಿ. ಮೂರನೇ ವಾರದ ಹೊತ್ತಿಗೆ ಬೂಸ್ಟ್ ಇದೆ ಅನ್ನೋದೇ ಮರೆತುಹೋಗಿತ್ತು. ಊರೊಳಗೆ 50ರ ಮಿತಿ. ಎಲ್ಲಿ ಅಂತ ಓಡಿಸುವುದು?

ಬಿಡಿಭಾಗ ಬದಲಿಸದೆ ಕಾರು ಜೋರಾಗುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟ್, ಅದನ್ನು ಮೋಟಾರಿಗೆ ಹೊಂದುವ ಹಾಗೆ ಬದಲಿಸಿ ಕಳಿಸುವ ಇನ್ವರ್ಟರ್ ಮೂಲಕವೇ ಹೋಗಬೇಕು. ಎಷ್ಟು ಬಿಡಬೇಕು ಅನ್ನುವ ಮಿತಿ ಸಾಫ್ಟ್‌ವೇರಿನಲ್ಲಿರುತ್ತದೆ. ಮೋಟಾರ್ ಬಿಸಿಯಾದೀತು, ಬ್ಯಾಟರಿ ಬೇಗ ಸವೆದೀತು ಅಂತ ಕಂಪನಿಗಳು ಮೊದಲು ಕೈ ಬಿಗಿ ಹಿಡಿದಿರುತ್ತವೆ. ಕಾರುಗಳು ರಸ್ತೆಯಲ್ಲಿ ಓಡಿ ಲೆಕ್ಕ ಸಿಕ್ಕ ಮೇಲೆ ಸಡಿಲ ಬಿಡುತ್ತವೆ. 2019ರ ಕೊನೆಯಲ್ಲಿ ಟೆಸ್ಲಾ ಮಾಡೆಲ್ 3ಗೆ ಸುಮಾರು 5% ಪವರ್ ಪುಕ್ಕಟೆಯಾಗಿ ಬಂತು. ಅದರ ಬೆನ್ನಿಗೇ ಈ ದುಡ್ಡಿನ ಬೂಸ್ಟ್. ರುಚಿ ತೋರಿಸಿ ಆಮೇಲೆ ಬಿಲ್ ಕೊಟ್ಟ ಹಾಗೆ.

ಪೋಲ್‌ಸ್ಟಾರ್ 2ರ ಅಪ್‌ಗ್ರೇಡ್‌ಗೆ ಗೆಳೆಯ ಕೊಟ್ಟಿದ್ದು 1,000 ಯೂರೋ. ಮೋಟಾರುಗಳ ಶಕ್ತಿ 300 ಕಿಲೋವಾಟ್ ಇದ್ದದ್ದು 350 ಆಯಿತು. ಟಾರ್ಕ್, ಅಂದರೆ ತಿರುಗಿಸುವ ಬಲ, 660ರಿಂದ 680 ನ್ಯೂಟನ್ ಮೀಟರಿಗೆ ಏರಿತು. 100 ಮುಟ್ಟುವ ಸಮಯ 4.7ರಿಂದ 4.4 ಸೆಕೆಂಡಿಗೆ ಇಳಿಯಿತು. ಇಷ್ಟೇ ಓದಿದರೆ ನನ್ನ ಕಾರೇ ಮುಂದೆ. ಆದರೆ ಇವರು ಶಕ್ತಿ ತುಂಬಿರುವ ಜಾಗ ಬೇರೆ. ನಿಂತಲ್ಲಿಂದ ಚಿಮ್ಮುವುದಕ್ಕಲ್ಲ, ಓಡುತ್ತಿರುವಾಗ ಇನ್ನಷ್ಟು ಓಡುವುದಕ್ಕೆ. 80ರಿಂದ 120ಕ್ಕೆ ಏರಲು 2.2 ಸೆಕೆಂಡ್ ಸಾಕು, ಮೊದಲಿಗಿಂತ ಅರ್ಧ ಸೆಕೆಂಡ್ ಕಡಿಮೆ.

ಈ 80ರ ಮಹತ್ವ ಜರ್ಮನಿಯ ಹೆದ್ದಾರಿ ಆಟೋಬಾನಿನಲ್ಲಿ ಓಡಿಸಿದವರಿಗೇ ಗೊತ್ತು. ಇಲ್ಲಿ ಲಾರಿಗಳಿಗೆ 80ರ ಮಿತಿ. ಒಮ್ಮೆ ಲಾರಿಯ ಹಿಂದೆ ಸಿಕ್ಕಿಕೊಂಡರೆ ನೀವೂ 80. ಪಕ್ಕದ ಲೇನಿನಲ್ಲಿ 160, 180ರಲ್ಲಿ ಬರುವವರು. ಉಲ್ಮ್ ಊರಿನ ಕಡೆಗೆ ಎ8 ಹೆದ್ದಾರಿಯಲ್ಲಿ ಹೋಗುತ್ತಿದ್ದೆವು, ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಮುಂದೆ ಲಾರಿ. ಕನ್ನಡಿಯಲ್ಲಿ ದೂರದಲ್ಲೊಂದು ಜೋಡಿ ದೀಪ. ಹೋಗಲೋ ಬೇಡವೋ ಅಂತ ಅನುಮಾನಿಸುತ್ತಿದ್ದೆ. ಹುಬ್ಬಳ್ಳಿಯ ಗೆಳೆಯನಿಗೆ ತಾಳ್ಮೆ ಕಡಿಮೆ. "ಒತ್ತಲೇ, ಏನ್ ನೋಡಾಕತ್ತಿ!" ಅಂದ. ಒತ್ತಿದೆ. ಬೆನ್ನು ಸೀಟಿಗೆ ಅಂಟಿತು. ಲಾರಿ ದಾಟಿ ಮತ್ತೆ ಬಲಕ್ಕೆ ಬಂದ ಮೇಲೂ ಆ ದೀಪಗಳು ಹಿಂದೆಯೇ ಇದ್ದವು. ಅವತ್ತು ನನಗೆ ಹೊಟ್ಟೆ ಉರಿದದ್ದು ನಿಜ.

ಅದಕ್ಕೊಂದು ತಾಪತ್ರಯವೂ ಇದೆ. ಅಪ್‌ಡೇಟ್ ಆಗುವಾಗ ಕಾರು ಓಡಿಸುವ ಹಾಗಿಲ್ಲ, ಒಂದು ಗಂಟೆಗೂ ಮೇಲೆ ಸುಮ್ನೆ ನಿಲ್ಲಬೇಕು. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹೊರಡುವ ಮುಂಚೆ ಈ ಪುಣ್ಯಾತ್ಮ ಬಟನ್ ಒತ್ತಿ ಕೂತಿದ್ದ. ಮಗನ ಡಾನ್ಸ್ ಅರ್ಧ ಮುಗಿದ ಮೇಲೆ ಸಭಾಂಗಣಕ್ಕೆ ಓಡಿ ಬಂದರು.

ಇನ್ನೊಂದು ಮಾತು ಎರಡೂ ಕಾರಿಗೆ ಸೇರಿದ್ದು. ಚಳಿಗಾಲದ ಬೆಳಿಗ್ಗೆ ಬ್ಯಾಟರಿ ತಣ್ಣಗಿದ್ದಾಗ, ಇಲ್ಲಾ ಚಾರ್ಜ್ ತಳ ಹಿಡಿದಾಗ, ದುಡ್ಡು ಕೊಟ್ಟು ತಂದ ಪವರ್ ಪೂರ್ತಿ ಸಿಗುವುದಿಲ್ಲ. ಜನವರಿಯಲ್ಲಿ ಟೆಸ್ಲಾ ಪರದೆಯ ಪವರ್ ಪಟ್ಟಿಯಲ್ಲಿ ಚುಕ್ಕಿ ಚುಕ್ಕಿ ಕಾಣಿಸುತ್ತದೆ. ಈಗ ಇಷ್ಟೇ, ಬ್ಯಾಟರಿ ಬಿಸಿಯಾದ ಮೇಲೆ ಉಳಿದದ್ದು ಅಂತ.

ನಮ್ಮ ಪಕ್ಕದ ಕಾರ್ಖಾನೆಯವರಾದ ಮರ್ಸಿಡಿಸ್ ಬಗ್ಗೆಯೂ ಹೇಳಿಬಿಡುತ್ತೇನೆ. 2022ರಲ್ಲಿ ಅಮೆರಿಕದ ಇಕ್ಯೂಇ, ಇಕ್ಯೂಎಸ್ ಎಲೆಕ್ಟ್ರಿಕ್ ಕಾರುಗಳ ಮಾಲೀಕರಿಗೆ ವರ್ಷಕ್ಕೆ 1,200 ಡಾಲರ್ ಕಟ್ಟಿದರೆ ವೇಗ ಜಾಸ್ತಿ ಮಾಡಿಕೊಡುತ್ತೇವೆ ಎಂದರು. ಅದನ್ನು ಓಡಿಸಿಲ್ಲ, ಓಡಿಸುವ ಆಸೆಯೂ ಇಲ್ಲ. ನನ್ನ ಕಾರಿನ ಮೋಟಾರಿಗೆ ನಾನೇ ಬಾಡಿಗೆ ಕಟ್ಟಬೇಕಾ?

ಇನ್ನು ಭಾವನ ನೆಕ್ಸಾನ್. 2022ರ ಜುಲೈನಲ್ಲಿ ಟಾಟಾದವರು ನೆಕ್ಸಾನ್ ಇವಿ ಪ್ರೈಮ್ ತಂದರು. ಅದರ ಕೆಲವು ಸೌಲಭ್ಯಗಳನ್ನು ಆಗಲೇ ಕಾರು ಕೊಂಡಿದ್ದ 22,000ಕ್ಕೂ ಹೆಚ್ಚು ಜನರಿಗೆ ಪುಕ್ಕಟೆ ಕೊಡುತ್ತೇವೆ ಎಂದರು. ಕಾಲು ಒತ್ತದೆಯೇ ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್, ಟೈರಿನ ಗಾಳಿ ಕಡಿಮೆಯಾದರೆ ಎಚ್ಚರಿಕೆ, ರೀಜೆನ್ ಎಷ್ಟು ಬೇಕೋ ಅಷ್ಟು ಇಟ್ಟುಕೊಳ್ಳುವ ಅವಕಾಶ. ರೀಜೆನ್ ಅಂದರೆ ಕಾಲು ತೆಗೆದಾಗ ಮೋಟಾರೇ ಡೈನಮೋ ಆಗಿ ಕಾರನ್ನು ತಡೆದು ಬ್ಯಾಟರಿ ತುಂಬುವುದು. ಮನೆಯಲ್ಲಿ ಕೂತು ಇಳಿಸಿಕೊಳ್ಳುವ ಹಾಗಿರಲಿಲ್ಲ, ಸರ್ವಿಸ್‌ಗೆ ಬಿಟ್ಟಾಗ ಹಾಕಿಕೊಟ್ಟರು. ಕಾರಿನ ವೇಗ ಒಂದು ಚೂರೂ ಹೆಚ್ಚಲಿಲ್ಲ.

ರಜಕ್ಕೆ ಹೋದಾಗ ಚಾಮುಂಡಿ ಬೆಟ್ಟದಿಂದ ನಾನೇ ಇಳಿಸಿಕೊಂಡು ಬಂದೆ. ಹಿಂದಿನ ಸಲ ಇದೇ ಕಾರಿನಲ್ಲಿ ತಿರುವು ತಿರುವಿಗೂ ಬ್ರೇಕ್ ತುಳಿದು ಕಾಲು ನೋವು ಬಂದಿತ್ತು. ಈ ಸಲ ರೀಜೆನ್ ಜಾಸ್ತಿ ಇಟ್ಟೆ. ಆಕ್ಸಿಲರೇಟರಿನಿಂದ ಕಾಲು ಎತ್ತಿದರೆ ಸಾಕು, ಯಾರೋ ಹಿಂದಿನಿಂದ ಮೆಲ್ಲಗೆ ಹಿಡಿದ ಹಾಗೆ ನಿಧಾನವಾಗುತ್ತಿತ್ತು. ಒಂದು ಕಡೆ ಅಡ್ಡ ಬಂದ ಮಂಗಕ್ಕೆ ಬ್ರೇಕ್ ಹಾಕಿದ್ದು ಬಿಟ್ಟರೆ ಪೆಡಲ್ ಮುಟ್ಟಿದ್ದೇ ಕಡಿಮೆ. ಬುಡಕ್ಕೆ ಬರುವಷ್ಟರಲ್ಲಿ ಚಾರ್ಜ್ ಒಂದು ಪರ್ಸೆಂಟ್ ಏರಿತ್ತು. ಬೆಂಗಳೂರು ಹೆದ್ದಾರಿಯಲ್ಲಿ ಕ್ರೂಸ್ 90ಕ್ಕೆ ಇಟ್ಟು ಹೋಗುವಾಗ ಕ್ಯಾಮೆರಾದ ಭಯವೂ ಇರಲಿಲ್ಲ.

ತಡೆಯುವುದೂ ಓಡುವಷ್ಟೇ ಮುಖ್ಯ, ಅಲ್ವಾ? 2018ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಮಾಡೆಲ್ 3ರ ಬ್ರೇಕ್ ಸರಿಯಿಲ್ಲ ಎಂದಿತು. ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು 152 ಅಡಿ ಬೇಕಾಗಿತ್ತು. ಕೆಲವೇ ದಿನಗಳಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ನೋಡಿಕೊಳ್ಳುವ ಎಬಿಎಸ್‌ನ ಸಾಫ್ಟ್‌ವೇರ್ ಬದಲಾಯಿತು, ಅದೇ ಕಾರು 133 ಅಡಿಯಲ್ಲಿ ನಿಂತಿತು. ಯಾರೂ ಒಂದು ಕಾಸು ಕೊಡಬೇಕಾಗಲಿಲ್ಲ. ನನ್ನ ಬೂಸ್ಟಿಗಿಂತ ಆ 19 ಅಡಿ ದೊಡ್ಡದು.

ಮತ್ತೆ ಕೊಳ್ಳುವುದಾದರೆ ಪೋಲ್‌ಸ್ಟಾರಿನದಕ್ಕೆ ದುಡ್ಡು ಕೊಟ್ಟೇನು, ಅದೂ ವಾರಕ್ಕೆರಡು ಸಲ ಆಟೋಬಾನ್ ಹತ್ತುವವನಾದರೆ ಮಾತ್ರ. ಟೆಸ್ಲಾದ ಬೂಸ್ಟ್‌ಗೆ ಇನ್ನೊಮ್ಮೆ ಕೊಡುವುದಿಲ್ಲ. ಅದು ಕಾರಿನ ಜೊತೆಗೇ ಹೋಗುತ್ತದೆ, ಹೊಸ ಕಾರಿಗೆ ಎತ್ತಿಕೊಂಡು ಹೋಗಲು ಬರುವುದಿಲ್ಲ. ಹಾಗಾಗಿ ಹಳೇ ಲಾಂಗ್ ರೇಂಜ್ ಕೊಳ್ಳುವವರು ಪರದೆಯಲ್ಲಿ 'ಸ್ಪೋರ್ಟ್' ಇದೆಯಾ ನೋಡಿ. ಇದ್ದರೆ ನನ್ನಂಥವನೊಬ್ಬ ಆಗಲೇ ದುಡ್ಡು ಕಟ್ಟಿದ್ದಾನೆ. ನನ್ನದೂ ಮುಂದಿನ ವರ್ಷ ಮಾರುವುದಿದೆ.