ಬ್ರೇಕ್ ಆಯಿಲ್ ಡಬ್ಬಿಯ ಬುಷ್‌ಗೆ ಎಂಜಿನ್ ಆಯಿಲ್ ಹಚ್ಚಲು ಬಿಡಬೇಡಿ

ಮನೆ ಬಾಗಿಲಿಗೇ ಬಂದು ಕಾರು ರಿಪೇರಿ ಮಾಡುವವರು ಮೈಸೂರಿನಲ್ಲೂ ಸಿಗುತ್ತಾರೆ. ಎಲ್ಲರೂ ಕೆಟ್ಟ ಕೆಲಸ ಮಾಡುತ್ತಾರೆ ಅಂತಲ್ಲ. ಆದರೆ ಬ್ರೇಕ್ ಆಯಿಲ್ ಡಬ್ಬಿ ಬದಲಿಸಲು ಕರೆಸುವುದಾದರೆ, ಇದನ್ನು ಓದಿ ಆಮೇಲೆ ಕರೆಸಿ.

ನಮ್ಮದು ಹಳೇ ಕಾರು. ಬಾನೆಟ್ ಕೆಳಗಿನ ಬಿಸಿಗೆ ಡಬ್ಬಿ ಹಳದಿಯಾಗಿ, ಬುಡದಲ್ಲಿ ಸಣ್ಣಗೆ ಬಿರುಕು ಬಿಟ್ಟಿತ್ತು. ಕುವೆಂಪುನಗರದ ನಮ್ಮ ಗೇಟಿನ ಮುಂದೆಯೇ ಕೆಲಸ ನಡೆಯಿತು. ಬಂದವನು ಹಳೇ ಆಯಿಲನ್ನು ಸಿರಿಂಜ್‌ನಲ್ಲಿ ಎಳೆದ, ಪಿನ್ ತಟ್ಟಿ ತೆಗೆದ, ಡಬ್ಬಿ ಕಿತ್ತ. ಅಲ್ಲಿವರೆಗೆ ಸರಿಯಾಗಿಯೇ ಇತ್ತು.

ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗವೇ ಮಾಸ್ಟರ್ ಸಿಲಿಂಡರ್. ಈ ಡಬ್ಬಿ ಅದರ ಮೇಲೆ ಎರಡು ರಬ್ಬರ್ ಬುಷ್‌ಗಳಲ್ಲಿ ಕೂರುತ್ತದೆ. ಹೊಸ ಬುಷ್ ಬಿಗಿ ಇರುತ್ತದೆ, ಸುಲಭಕ್ಕೆ ಇಳಿಯುವುದಿಲ್ಲ. ಅವನು ಎರಡನ್ನೂ ಎಂಜಿನ್ ಆಯಿಲ್‌ನಲ್ಲಿ ಅದ್ದಿ ಒತ್ತಿದ. ಒಂದಿಷ್ಟು ಒಳಕ್ಕೂ ಇಳಿಯಿತು. "ಇದು ಹಾಕಬಹುದಾ?" ಅಂತ ಕೇಳಿದೆ. "ಏನೂ ಆಗಲ್ಲ ಸಾರ್, ಸ್ಮೂತಾಗಿ ಕೂರುತ್ತೆ" ಅಂದ.

ಮೊದಲು ಏನೂ ಆಗಲಿಲ್ಲ, ನಿಜ. ಆಮೇಲೊಂದು ದಿನ ಮಂಡ್ಯಕ್ಕೆ ಹೊರಟಾಗ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಕಾರು ಭಾರ ಎಳೆದಂತೆ ಓಡತೊಡಗಿತು. ಆಕ್ಸಿಲರೇಟರ್ ಬಿಟ್ಟರೆ ತಾನಾಗಿಯೇ ನಿಧಾನವಾಗುತ್ತಿತ್ತು. ಸುಟ್ಟ ವಾಸನೆ ಬೇರೆ. ಪಕ್ಕಕ್ಕೆ ನಿಲ್ಲಿಸಿ ಇಳಿದರೆ ಮುಂದಿನ ಚಕ್ರಗಳ ಹತ್ತಿರ ಕೈ ಇಡಲಾಗದಷ್ಟು ಬಿಸಿ. ಟೋ ಮಾಡಿಸಿಕೊಂಡೇ ಗ್ಯಾರೇಜಿಗೆ ಹೋಗಬೇಕಾಯಿತು.

ಅಲ್ಲಿನ ಹಿರಿಯ ಮೆಕ್ಯಾನಿಕ್ ಮೊದಲು ನೋಡಿದ್ದು ಡಬ್ಬಿಯ ಮುಚ್ಚಳ. ಅದರೊಳಗಿನ ರಬ್ಬರ್ ಊದಿ, ಅಲೆಅಲೆಯಾಗಿ ಸೊಟ್ಟಗಾಗಿತ್ತು. "ಇದಕ್ಕೆ ಯಾರೋ ಬೇರೆ ಆಯಿಲ್ ಬಿಟ್ಟಿದ್ದಾರೆ" ಅಂತ ಅಲ್ಲೇ ಹೇಳಿಬಿಟ್ಟರು. ಚಕ್ರದ ಹತ್ತಿರ ಬ್ರೇಕ್ ಹಿಡಿಯುವ ಕ್ಯಾಲಿಪರ್‌ನಲ್ಲಿ ಗಾಳಿ ತೆಗೆಯಲು ಇರುವ ಏರ್ ನಿಪ್ಪಲ್ ಸಡಿಲಿಸಿದ ಕೂಡಲೇ ಹಿಡಿದಿದ್ದ ಚಕ್ರ ತಿರುಗಿತು.

ಆಗಿದ್ದಿಷ್ಟೇ. ನಾವು ಹಾಕುವ ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗ್ಲೈಕಾಲ್ ಎಂಬ ರಾಸಾಯನಿಕದಿಂದ ಮಾಡಿದ್ದು. ಬ್ರೇಕಿನ ರಬ್ಬರ್‌ಗಳು ಅದಕ್ಕೇ ಹೊಂದುವಂಥವು. ಎಂಜಿನ್ ಆಯಿಲ್, ಗ್ರೀಸ್, ಪವರ್ ಸ್ಟೀರಿಂಗ್ ಆಯಿಲ್ ಸೋಕಿದರೆ ಊದುತ್ತವೆ. ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಊದಿದಾಗ ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ. ಪೆಡಲ್ ಬಿಟ್ಟರೂ ಬ್ರೇಕ್ ಬಿಡುವುದಿಲ್ಲ. ಕೊನೆಗೆ ಮಾಸ್ಟರ್ ಸಿಲಿಂಡರ್, ಹೋಸ್‌ಗಳು, ನಾಲ್ಕೂ ಚಕ್ರದ ಸೀಲ್‌ಗಳು, ಎಲ್ಲಾ ಹೊಸದು ಹಾಕಿಸಿ ಆಯಿಲ್ ಹರಿಯುವ ಲೈನ್ ತೊಳೆಸಬೇಕಾಯಿತು. ಡಬ್ಬಿಯ ಬೆಲೆ ಆ ಬಿಲ್ಲಿನ ಮುಂದೆ ಏನೂ ಅಲ್ಲ. ಮನೆಗೆ ಬಂದಿದ್ದವನಿಗೆ ಫೋನ್ ಮಾಡಿದರೆ "ಗಾಡಿ ಹಳೇದಲ್ವಾ ಸಾರ್" ಎಂದ, ಅಷ್ಟೇ.

ಬುಷ್ ಜಾರಬೇಕೆಂದರೆ ಹೊಸ ಬ್ರೇಕ್ ಆಯಿಲ್‌ನಲ್ಲೇ ಒದ್ದೆ ಮಾಡಿದರೆ ಸಾಕು. ಯಾವ ಡಾಟ್ ಅಂತ ಸಾಮಾನ್ಯವಾಗಿ ಮುಚ್ಚಳದ ಮೇಲೇ ಬರೆದಿರುತ್ತದೆ. ಸೀಲ್ ಇರುವ ಬಾಟಲಿಯನ್ನು ನಿಮ್ಮೆದುರೇ ಒಡೆಸಿ. ತೆರೆದಿಟ್ಟ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಚಾಮುಂಡಿ ಬೆಟ್ಟದಿಂದ ಬ್ರೇಕ್ ಒತ್ತುತ್ತಲೇ ಇಳಿಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಡಬ್ಬಿ ಬದಲಿಸಿದ ಮೇಲೆ ಏರ್ ತೆಗೆಯದೆ ಗಾಡಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಪೆಡಲ್ ಸ್ಪಂಜಿನಂತೆ ಒಳಕ್ಕೆ ಹೋದರೆ ಸಾಮಾನ್ಯವಾಗಿ ಲೈನಿನಲ್ಲಿ ಗಾಳಿ ಇದೆ ಅಂತ ಅರ್ಥ. ಆಯಿಲ್ ಪೇಂಟ್ ಮೇಲೆ ಬಿದ್ದರೆ ಒರೆಸುತ್ತಾ ಕೂರದೆ ತಕ್ಷಣ ಜಾಸ್ತಿ ನೀರು ಸುರಿಯಿರಿ.

ಅಕಸ್ಮಾತ್ ನಿಮ್ಮ ಡಬ್ಬಿಗೆ ಬೇರೆ ಎಣ್ಣೆ ಬಿದ್ದಿರುವುದು ಗೊತ್ತಾದರೆ, ಪೆಡಲ್ ಒತ್ತಿ ನೋಡಲು ಹೋಗಬೇಡಿ. ಒತ್ತಿದಷ್ಟೂ ಅದು ಲೈನಿನೊಳಕ್ಕೆ ಹೋಗುತ್ತದೆ. ಗಾಡಿಯನ್ನು ಇದ್ದಲ್ಲೇ ಬಿಟ್ಟು, ಬ್ರೇಕ್ ಕೆಲಸ ಗೊತ್ತಿರುವವರನ್ನು ಅಲ್ಲಿಗೇ ಕರೆಸಿ.