ವೇಳಾಪಟ್ಟಿಯ ಥರ್ಮೋಸ್ಟಾಟೋ, ಸ್ಮಾರ್ಟ್ ಥರ್ಮೋಸ್ಟಾಟೋ?

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗರಿಗೆ, ಚಳಿಗಾಲದ ಮೊದಲ ಬಿಲ್ ಕೈಸೇರಿದೊಡನೆ, ಮನೆಯ ತಾಪಮಾನ ಹೊಂದಿಸುವ, ಗೋಡೆಯ ಮೇಲಿನ ಹಳೆಯ ಥರ್ಮೋಸ್ಟಾಟ್ ಬದಲಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ. ಉಳಿತಾಯದ ಸೂತ್ರ ಎರಡು ಬಗೆಯ ಸಾಧನಗಳಿಗೂ ಒಂದೇ: ದಿನಕ್ಕೆ 8 ಗಂಟೆ ಕಾಲ ತಾಪಮಾನವನ್ನು ಚಳಿಗಾಲದಲ್ಲಿ 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿ, ಬೇಸಿಗೆಯಲ್ಲಿ ಅಷ್ಟೇ ಏರಿಸಿದರೆ, ಮನೆ ಬಿಸಿಮಾಡುವ, ತಂಪುಮಾಡುವ ವರ್ಷದ ವೆಚ್ಚದಲ್ಲಿ ಶೇ. 10ರವರೆಗೆ ಉಳಿಸಬಹುದೆಂದು ಅಲ್ಲಿನ ಇಂಧನ ಇಲಾಖೆ ಹೇಳುತ್ತದೆ.

ವೇಳಾಪಟ್ಟಿ ತುಂಬಿಸುವ ಸಾಧನ ಅಗ್ಗ; ಅದಕ್ಕೆ ವೈಫೈ ಬೇಡ, ಸಾಮಾನ್ಯವಾಗಿ ಬ್ಯಾಟರಿಯೇ ಸಾಕು. ಆದರೆ ಅದರ ಗುಂಡಿಗಳ ಗೋಜಲಿಗೆ ಬೇಸತ್ತು ಒಂದೇ ತಾಪಮಾನದಲ್ಲಿ ನಿಲ್ಲಿಸುವ ‘ಹೋಲ್ಡ್’ ಒತ್ತಿ ಮರೆತುಬಿಡುವವರೇ ಬಹಳ. ಮನೆಗಳಲ್ಲಿ ಉಳಿತಾಯ ಖಚಿತವಾಗಿ ಕಾಣದ ಕಾರಣ ಇಂಥ ಸಾಧನಗಳಿಗೆ ನೀಡುತ್ತಿದ್ದ ಎನರ್ಜಿ ಸ್ಟಾರ್ (ಇಂಧನ ಉಳಿಸುವ ಉಪಕರಣಗಳನ್ನು ಗುರುತಿಸುವ ಅಮೆರಿಕ ಸರ್ಕಾರದ ಯೋಜನೆ) ಮುದ್ರೆಯನ್ನು 2009ರ ಕೊನೆಗೆ ನಿಲ್ಲಿಸಲಾಯಿತು. ಸ್ಮಾರ್ಟ್ ಸಾಧನ ಮನೆಯಲ್ಲಿ ಜನರಿಲ್ಲದ್ದನ್ನು ಗ್ರಹಿಸಿ ತಾನೇ ಹೊಂದಿಸಿಕೊಳ್ಳುತ್ತದೆ. ಅದರಿಂದ ಬಿಸಿ-ತಂಪಿನ ವೆಚ್ಚದಲ್ಲಿ ಸರಾಸರಿ ಶೇ. 8ರಷ್ಟು ಉಳಿತಾಯವೆಂಬುದು ಎನರ್ಜಿ ಸ್ಟಾರ್‌ನ ಲೆಕ್ಕ. ಬೆಲೆ ಹೆಚ್ಚು, ಮೇಲಾಗಿ ಅನೇಕ ಮಾದರಿಗಳಿಗೆ ನಿರಂತರ ವಿದ್ಯುತ್ ಒದಗಿಸುವ ಸಿ-ವೈರ್ ಬೇಕು, ಹಳೆಯ ಮನೆಗಳಲ್ಲಿ ಅದು ಇಲ್ಲದಿರಬಹುದು.

ಹೊರಗಿನಿಂದ ಶಾಖ ಸೆಳೆದು ಮನೆ ಬಿಸಿಮಾಡುವ ಹೀಟ್ ಪಂಪ್ ಇರುವವರು ಮಾತ್ರ ತುಸು ನಿಧಾನಿಸಬೇಕು. ರಾತ್ರಿ ಬಹಳ ಇಳಿಸಿ ಬೆಳಿಗ್ಗೆ ಒಮ್ಮೆಲೇ ಏರಿಸಿದರೆ ಅದರ ನೆರವಿಗಿರುವ, ದುಬಾರಿಯಾದ ವಿದ್ಯುತ್ ಕಾಯಿಲ್‌ಗಳು ಚಾಲೂ ಆಗಿ ಉಳಿಸಿದ್ದನ್ನೆಲ್ಲ ನುಂಗಬಹುದಾದ್ದರಿಂದ, ಹೀಟ್ ಪಂಪ್‌ಗೆಂದೇ ರೂಪಿಸಿದ ಮಾದರಿಯನ್ನೇ ಕೊಳ್ಳಬೇಕು.

ದಿನಚರಿ ಗಡಿಯಾರದಂತೆ ನಡೆಯುವ ಮನೆಗೆ ಅಗ್ಗದ್ದೇ ಸಾಕೆಂಬುದು ನನ್ನ ಅಭಿಪ್ರಾಯ. ಹೊರಡುವ, ಮರಳುವ ಹೊತ್ತು ದಿನಕ್ಕೊಂದು ಬಗೆಯಾಗಿದ್ದರೆ ಸ್ಮಾರ್ಟ್ ಸಾಧನಕ್ಕೆ ಹಣ ಹಾಕಬಹುದು, ಅದಕ್ಕೆ ಮುನ್ನ ನಿಮ್ಮ ವಿದ್ಯುತ್ ಕಂಪನಿ ರಿಯಾಯಿತಿ ಕೊಡುತ್ತದೆಯೇ ಎಂದು ವಿಚಾರಿಸಿಕೊಳ್ಳಿ.